ತೊಡೆ ತಟ್ಟುವುದರೊಳಗೆ

ಚಿಕ್ಕೋಡಿ ಕಡೆಯ ಯಾವ ಊರಿಗೆ ಹೋದರೂ ಚಹಾದಂಗಡಿಯ ಬಾಕಿನ ಮೇಲೆ ಒಬ್ಬ ಮಾಜಿ ಪೈಲವಾನ ಕೂತಿರುತ್ತಾನೆ. ‘ಮಾಜಿ’ ಅನ್ನುವುದನ್ನು ಅವನ ಕಿವಿಗೆ ಬೀಳದಂತೆ ಅನ್ನಬೇಕು. ನಿಪ್ಪಾಣಿಯಲ್ಲಿ ಅವನು ವಸ್ತಾದ, ಅಥಣಿಯಲ್ಲಿ ಪೈಲವಾನರು, ನಮ್ಮ ಓಣಿಯಲ್ಲಿ ಪೈಲವಾನ ಕಾಕಾ.

ಗರಡಿಯ ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಮುದ್ದೆಯಾದ ಕಿವಿಯೇ ಪೈಲವಾನನ ಸರ್ಟಿಫಿಕೇಟು. ಕಾಕಾನ ಬಲಗಿವಿ ಮುದ್ದೆಯಾಗಿದೆ, ಎಡಗಿವಿ ನೆಟ್ಟಗಿದೆ. “ಅರ್ಧಾ ಡಿಗ್ರಿ ಆಗಿತ್ತು, ಅಷ್ಟರಾಗ ಲಗ್ನ ಆತು” ಎನ್ನುತ್ತಾನೆ. ಅವನ ಹೆಂಡತಿ ಕಾಕು ಹೇಳುವುದು ಬೇರೆ: ಹಾಲು ಹಿಂಡುವಾಗ ಎಮ್ಮೆ ತಲೆ ಬೀಸಿತ್ತಂತೆ.

“ನಾವು ಖಾಸಬಾಗದಾಗ ಇದ್ದ ಮಂದಿ” ಎಂದು ಅವನು ಮಾತು ಸುರು ಮಾಡಿದರೆ ಹೊಸಬರು ಎದ್ದು ನಿಲ್ಲುತ್ತಾರೆ. ಶಾಹೂ ಮಹಾರಾಜರು ಕಟ್ಟಿಸಿದ, 1912ರಿಂದ ಹೆಸರಾದ ಕೊಲ್ಹಾಪುರದ ಕುಸ್ತಿ ಮೈದಾನ ಅದು. ಕಾಕಾ ಅಲ್ಲಿ ಇದ್ದದ್ದು ಖರೆ. ಆದರೆ ಕೆಳಗೆ ಕೆಂಪು ಮಣ್ಣಿನಲ್ಲಲ್ಲ, ಮೇಲೆ ಮಂದಿ ಕೂಡುವಲ್ಲಿ, ಉಡಿಯಲ್ಲಿ ಶೇಂಗಾ ಇಟ್ಟುಕೊಂಡು. ಅವನು ಸ್ವತಃ ಹಿಡಿದದ್ದು ಜಾತ್ರೆಯ ತೆಂಗಿನಕಾಯಿ ಕುಸ್ತಿ. ಎಷ್ಟು ಕಾಯಿ ಗೆದ್ದ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಚಹಾದ ರೊಕ್ಕ ನಾವೇ ಕೊಡಬೇಕಾಗುತ್ತದೆ.

ಕಾಲಲ್ಲಿ ಅಥಣಿಯ ಚಪ್ಪಲಿ. ನಡೆದರೆ ಕರ್‍ರ್ ಕರ್‍ರ್ ಎಂದು ಓಣಿಯ ತುದಿಯಿಂದಲೇ ಕೇಳಿಸುತ್ತದೆ, ಮೇಲೆ ಕೆಂಪು ಗೊಂಡೆ. “ಕೊಲ್ಹಾಪುರಿ” ಎಂದು ಯಾರಾದರೂ ಅಂದರೆ ಕಾಕಾ ಕೆರಳುತ್ತಾನೆ. 2019ರಲ್ಲಿ ಈ ಚಪ್ಪಲಿಗೆ ಜಿಐ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೋಡಿ ಬೆಳಗಾವಿಯೂ ಸೇರಿ ನಮ್ಮ 4 ಜಿಲ್ಲೆಗಳ ಹೆಸರು ಬಂತಲ್ಲ, ಅದನ್ನು ಅವನು ಗಡಿ ಗೆದ್ದವನಂತೆ ಹೇಳುತ್ತಾನೆ.

ಕಾಕಾನ ಮುಖ್ಯ ಉದ್ಯೋಗ ಹುಡುಗರಿಗೆ ಆತ್ಮರಕ್ಷಣೆ ಕಲಿಸುವುದು. ಪಗಾರವಿಲ್ಲ, ರಜೆಯೂ ಇಲ್ಲ. “ಏ ತಮ್ಮಾ, ಬಾ ಇಲ್ಲಿ. ನನ್ನ ಕುತಿಗಿ ಹಿಡಿ. ಹಂಗಲ್ಲೋ, ಬಲಗೈಲೆ! ಸಾವಕಾಶ ಬಾ. ಹಾಂ, ಈಗ ನಿಂದರು.” ಹುಡುಗ ನಿಲ್ಲುತ್ತಾನೆ. ಕಾಕಾ ಅವನ ಮಣಿಕಟ್ಟು ತಿರುವಿ, ಸೊಂಟಕ್ಕೆ ಕೈ ಹಾಕಿ, ಕಾಲು ಕೊಟ್ಟು ಕೆಡವುತ್ತಾನೆ. ಇಂಥ ಕಳ್ಳನನ್ನು ನಾನೂ ಕೆಡವುತ್ತೇನೆ. ಹೇಳಿದ ಕೈಯಿಂದ, ಹೇಳಿದಷ್ಟು ಸಾವಕಾಶ ಬಂದು, ಮುಂದಿನ ಅಪ್ಪಣೆಗಾಗಿ ಕಾಯುವ ಸಜ್ಜನ ಅವನು. ಕಾಕಾ ಜೀವನವಿಡೀ ತಾಲೀಮು ಮಾಡಿದ್ದು ಇವನೊಬ್ಬನಿಗಾಗಿಯೇ. ಬರುವ ಕಳ್ಳನಿಗೆ ಕುಸ್ತಿಯ ನಿಯಮ ಗೊತ್ತಿರಬೇಕು, ಮೊದಲು ಕೈ ಸಲಾಮಿ ಮಾಡಬೇಕು, ಪಂಚರೊಬ್ಬರು ನಡುವೆ ನಿಂತಿರಬೇಕು, ಆಮೇಲೆ ಹಿಡಿತ.

ಮೊಮ್ಮಗ ಮೊಬೈಲ್ ಕೊಡಿಸಿದ ಮೇಲೆ ಕಾಕಾನ ವಿದ್ಯೆ ಅಮೆರಿಕಕ್ಕೂ ಹೋಗಿ ಬಂತು. ಅಲ್ಲಿಯ ಜೆಫ್ ಕೂಪರ್ ಎಂಬ ಹಳೆಯ ಸೈನಿಕ ಮನಸ್ಸಿನ ಎಚ್ಚರಕ್ಕೆ ಬಣ್ಣ ಕೊಟ್ಟಿದ್ದಾನೆ: ಮೈಮರೆತಿದ್ದರೆ ಬಿಳಿ, ನಿರಾಳವಾಗಿದ್ದೂ ಸುತ್ತಲಿನ ಮೇಲೆ ಕಣ್ಣಿದ್ದರೆ ಹಳದಿ, ಇಂಥವನ ಮೇಲೆ ಸಂಶಯ ಬಂದರೆ ಕಿತ್ತಳೆ, ಕೈ ಮಾಡಲು ತಯಾರಾದರೆ ಕೆಂಪು. “ಮನಸ್ಯಾ ಯಾವಾಗಲೂ ಹಳದಿ ಇರಬೇಕು ನೋಡು” ಎಂದು ಕಾಕಾ ವಾರವಿಡೀ ಸಾರಿದ. ಆ ವರ್ಷದ ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಗೆ, ಮಾಯಕ್ಕನ ಜಾತ್ರೆಗೆ ಹೋದೆವು. ಭಂಡಾರ ಹಾರಿ ಹಾರಿ ಕಾಕಾನ ಟೋಪಿ, ಮೀಸೆ, ಅಂಗಿ ಎಲ್ಲ ಹಳದಿ. ಹಳದಿ ಮಂದಿಯ ನಡುವೆ ಹಳದಿ ಕಾಕಾ. ಸಂಜೆ ನೋಡಿದರೆ ಬಕ್ಕಣದ ಪಾಕೀಟು ಇಲ್ಲ. “ಕಳ್ಳನೂ ಹಳದಿ ಇದ್ದನ ಮಗಾ” ಎಂದ. ಕಳ್ಳ ಖರೇನ ಹಳದಿ ಇದ್ದ. ಕೂಪರ್ ಹೇಳಿದ ಅರ್ಥದಲ್ಲಿ ಆ ಜಾತ್ರೆಯಲ್ಲಿ ಹಳದಿ ಇದ್ದವನು ಅವನೊಬ್ಬನೇ.

ಇನ್ನು ಅಂಕಲಿ ರಸ್ತೆಯ ಪ್ರಸಂಗಕ್ಕೆ ಬರಬೇಕು. ಇದರಲ್ಲಿ ನಾನೂ ಇದ್ದೆ, ಹಾಗಾಗಿ ಬರೆಯಲು ಸ್ವಲ್ಪ ಸಂಕೋಚ.

ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಡಾಡುವ ದಿನಗಳು. ಹೊತ್ತು ಮುಳುಗಿತ್ತು. ಡೇರಿಗೆ ಹಾಲು ಹಾಕಲು ಕಾಕು ಕ್ಯಾನು ಹಿಡಿದು ಮುಂದೆ, ಕಾಕಾ ಮತ್ತು ನಾನು ಹಿಂದೆ. ಮೋಟಾರ್ ಸೈಕಲ್ಲೊಂದು ಬಂದು ಬಗಲಿಗೆ ನಿಂತಿತು. ಇಬ್ಬರು ಹುಡುಗರು. ಹಿಂದಿನವನು ಮೆತ್ತಗೆ ಕೇಳಿದ: “ಕಾಕಾ, ರಾಯಬಾಗಕ್ಕ ಹ್ಯಾಂಗ ಹೋಗೂದ್ರಿ?”

ದಾರಿ ಕೇಳಿದವರ ಮೇಲೆ ಕಾಕಾನಿಗೆ ಪ್ರೀತಿ ಉಕ್ಕುತ್ತದೆ. “ಎರಡ ದಾರಿ ಅದಾವು. ನಿಮಗ ಲಗೂ ಮುಟ್ಟೂದೈತ್ಯೋ, ಚಲೋ ರಸ್ತಾ ಬೇಕೋ?” ಎಂದು ಕೈ ಚಾಚಿ ನಿಂತ.

ಕಾಕು ದಾರಿಯ ಕಡೆ ನೋಡಲಿಲ್ಲ, ಗಾಡಿಯ ಕಡೆ ನೋಡಿದಳು. ಎಂಜಿನ್ ಬಂದ್ ಮಾಡಿಲ್ಲ. ಮಳೆ ಹೋಗಿ ತಿಂಗಳಾದರೂ ನಂಬರ್ ಪ್ಲೇಟಿಗೆ ಹಸಿ ಕೆಸರು. ದಾರಿ ಕೇಳಿದವನ ಕಣ್ಣು ಕಾಕಾನ ಕೈ ಮೇಲಿಲ್ಲ, ಅವಳ ಕೊರಳಿನ ಬೋರಮಾಳದ ಮೇಲೆ. ಎರಡು ಹೆಜ್ಜೆ ಹಿಂದೆ ಸರಿದಳು. ಅವನ ಕೈ ಬಂತು, ಸೆರಗಿನ ಚುಂಗಷ್ಟೇ ಸಿಕ್ಕಿತು. ಕ್ಯಾನಿನ ಹಾಲನ್ನೆಲ್ಲ ಇಬ್ಬರ ಮುಖಕ್ಕೆ ಸುರಿದು, ಡೇರಿಯ ಮೆಟ್ಟಿಲಿನ ಕಡೆ ಓಡುತ್ತ ಒದರಿದಳು: “ಏ ಬರ್ರ್ಯೋ! ಕಳ್ಳರು ಬಂದಾರ ಬರ್ರ್ಯೋ!”

ಕಾಕಾನ ಕೈ ಇನ್ನೂ ರಾಯಬಾಗದ ಕಡೆಗೇ ಚಾಚಿಕೊಂಡಿತ್ತು.

ನಗಬೇಡಿ, ಮೈಯ ಗುಣವೇ ಹಾಗೆ. ಗಾಬರಿಯಾದಾಗ ಅಡ್ರಿನಲಿನ್ ಏರುತ್ತದೆ, ಎದೆ ಡಬಡಬ ಬಡಿಯುತ್ತದೆ. ರಕ್ತ ತೊಡೆ-ತೋಳಿನ ದೊಡ್ಡ ಸ್ನಾಯುಗಳಿಗೆ ಓಡಿ ಬೆರಳುಗಳು ಕಟ್ಟಿಗೆಯಾಗುತ್ತವೆ. ಕಣ್ಣಿನ ಬದಿಗೆ ಪಟ್ಟಿ ಕಟ್ಟಿದ ಟಾಂಗಾ ಕುದುರೆಯ ಹಾಗೆ ನಟ್ಟ ನಡುವಿನದಷ್ಟೇ ಕಾಣಿಸುತ್ತದೆ, ಬದಿಯ ಕೂಗು ಕೇಳಿಸುವುದಿಲ್ಲ. ಮೇಲಾಗಿ ಡಾವು ಎಷ್ಟು ಹೆಚ್ಚು ಗೊತ್ತೋ ಆರಿಸಲು ಅಷ್ಟು ಹೊತ್ತು ಬೇಕು. ಕಾಕಾನಿಗೆ ನಲವತ್ತು ಡಾವು ಗೊತ್ತು. ಕಾಕುವಿಗೆ ಗೊತ್ತಿದ್ದದ್ದು ಒಂದೇ.

ಆಮೇಲೆ ಕಾಕಾ ಎಚ್ಚತ್ತ. ಮೊದಲು ವಾಚು ಬಿಚ್ಚಿದ. ಅಖಾಡಕ್ಕೆ ಇಳಿಯುವಾಗ ವಾಚನ್ನು ಯಾರಿಗಾದರೂ ಕೊಡುವುದು ರೂಢಿ. ನನಗೆ ಕೊಟ್ಟ, ನಾನು ಎರಡೂ ಕೈಯಲ್ಲಿ ಭಕ್ತಿಯಿಂದ ಇಸಿದುಕೊಂಡೆ. ತೋಳು ಮಡಚಿದ. ಬಗ್ಗಿ ತೊಡೆ ತಟ್ಟಿದ. ಆ ಸಪ್ಪಳಕ್ಕೆ ಕಳ್ಳರು ಓಡಿಹೋದರು ಎಂದು ಕಾಕಾ ಇಂದಿಗೂ ಹೇಳುತ್ತಾನೆ. ಗಾಡಿ ಅಷ್ಟರಲ್ಲಿ ನೂರು ಮಾರು ದಾಟಿತ್ತು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಟ್ಟುತ್ತಾನೆಂದು ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲೇ ಲೆಕ್ಕ ಹಾಕಿ ಬರೆದಿದ್ದ. ಕಾಕಾನ ವಾಚಿನ ಬಕಲ್ಲಿನ ಲೆಕ್ಕ ಅವನಿಗೆ ಗೊತ್ತಿರಲಿಲ್ಲ.

ನಾನು 112 ಒತ್ತಲು ಹೋದೆ. ಬೆವರಿದ ಹೆಬ್ಬೆರಳನ್ನು ಮೊಬೈಲ್ ಗುರುತಿಸಲಿಲ್ಲ, ಟಾರ್ಚು ಹತ್ತಿತು. ಆ ಬೆಳಕಿನಲ್ಲಿ ನಾನು ಕಂಡದ್ದು, ಕಾಕಾ ಗಾಡಿಯ ಬೆನ್ನು ಹತ್ತಿ, ಅಡ್ಡದಾರಿ ಹಿಡಿಯಲೆಂದು ಕಬ್ಬಿನ ಗದ್ದೆಗೆ ನುಗ್ಗಿದ್ದು. ಗಂಡಾಂತರ ತಾನಾಗಿ ಹೊರಟುಹೋದ ಮೇಲೆ ಅದನ್ನು ಹುಡುಕಿಕೊಂಡು ಹೋಗುವ ಗಂಡಸರ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಅರ್ಧ ಗಂಟೆಯ ಮೇಲೆ ಬಂದ. ರವದಿ ಗೀರಿ ಮೋತಿ ಕೆಂಪಗೆ, ಒಂದು ಕಾಲು ಬರಿಗಾಲು.

ಠಾಣೆಯಲ್ಲಿ ಹವಾಲ್ದಾರರು ಸಮಾಧಾನದಿಂದಲೇ ಹೇಳಿದರು: “ಓಡಿ ಹೋದವನ್ನ ಬೆನ್ನ ಹತ್ತಿ ಬಡದ್ರ ಅದು ರಕ್ಷಣಾ ಆಗೂದಿಲ್ರಿ ಕಾಕಾ, ನಿಮ್ಮ ಮ್ಯಾಲೇ ಕೇಸ ಆಗತೈತಿ. ತಡಿಯಾಕ ಎಷ್ಟ ಬೇಕೋ ಅಷ್ಟ.” ಕಾಕಾ ಬಿಡಲಿಲ್ಲ. “ಕಲಂ 96ರಿಂದ 106, ನನಗ ಬಾಯಿಪಾಠ.” ಹವಾಲ್ದಾರರು ನಕ್ಕರು. “ಅದು ಹಳೇ ಐಪಿಸಿರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತಾ. ಈಗ 34ರಿಂದ 44.” ಕಾಕಾ ಸ್ವಲ್ಪ ಹೊತ್ತು ವಿಚಾರ ಮಾಡಿ ಕೇಳಿದ: “ನಂಬರ ಬದಲಾಗಿದ್ದು ಕಳ್ಳಗ ಗೊತ್ತೈತೇನ?”

ಮರುದಿನದಿಂದ ಸುದ್ದಿ ಬಸ್ಸು ಹತ್ತಿತು. ಚಿಕ್ಕೋಡಿಯಲ್ಲಿ ಇಬ್ಬರೇ ಇದ್ದ ಕಳ್ಳರು ನಿಪ್ಪಾಣಿ ಮುಟ್ಟುವಾಗ ನಾಲ್ವರಾದರು. ರಾಯಬಾಗದಲ್ಲಿ ಅವರ ಕೈಗೆ ಚಾಕು ಬಂತು, ಅಥಣಿಯಲ್ಲಿ ತಲವಾರ. ಕಾಗವಾಡದ ಬೀಗರ ಮನೆಯಲ್ಲಿ, ಮಿರಜ ಹತ್ತಿರವೇ ಇರುವುದರಿಂದಲೋ ಏನೋ, ಕಳ್ಳರು ಹಿಂದಿ ಮಾತಾಡಿ ಪಿಸ್ತೂಲು ತೆಗೆದರು. ಹಾಲಿನ ಕ್ಯಾನು ಯಾವ ಊರಿನಲ್ಲೂ ಕಾಣಿಸಿಕೊಳ್ಳಲಿಲ್ಲ.

ನಾನು ಕಾಕುವನ್ನು ಕೇಳಿದೆ, “ನಿನಗ ಅಂಜಿಕಿ ಬರಲಿಲ್ಲೇನ ಕಾಕು?”

“ಬಂತಲ್ಲೋ. ಅದಕ್ಕ ಒದರಿದೆ.”

ಲಗ್ನಕ್ಕಿಂತ ಮುಂಚೆ ಅವಳು ನಿಪ್ಪಾಣಿಯ ತಂಬಾಕಿನ ವಖಾರಿಗೆ ಹೋಗುತ್ತಿದ್ದಳು. ಸಂಜೆ ಬಿಟ್ಟಾಗ ಹೆಂಗಸರು ಗುಂಪು ಕಟ್ಟಿಕೊಂಡೇ ಮನೆಗೆ ಬರುವುದು. ಗಾಡಿ ನಿಂತರೆ ಎರಡು ಹೆಜ್ಜೆ ದೂರ. ದಾರಿ ಕೇಳಿದರೆ “ಗೊತ್ತಿಲ್ಲ”, ಗೊತ್ತಿದ್ದರೂ. ಒಬ್ಬಳು ಒದರಿದರೆ ಯಾಕೆ ಎಂದು ಕೇಳದೆ ಎಲ್ಲರೂ ಒದರುವುದು. ಇದಕ್ಕೆ ಯಾರೂ ಆತ್ಮರಕ್ಷಣೆ ಎಂಬ ಹೆಸರಿಟ್ಟಿರಲಿಲ್ಲ. ಚಿತ್ರದುರ್ಗದ ಓಬವ್ವನ ಕಥೆ ಹೇಳುವಾಗಲೂ ನಾವು ಒನಕೆಯನ್ನೇ ಕೊಂಡಾಡುತ್ತೇವೆ. ಒಬ್ಬೊಬ್ಬನೇ ತೂರಿ ಬರಬೇಕಾದ ಆ ಕಿಂಡಿಯ ಬದಿಗೆ ನಿಂತಳಲ್ಲ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾಕುವಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ನಾಲ್ಕು ಲೀಟರ್ ಹಾಲು ಹೋದದ್ದೇ ದೊಡ್ಡ ದುಃಖ.

ಸಂಕ್ರಾಂತಿಯ ಆಸುಪಾಸು ಆ ಗದ್ದೆಯ ಕಬ್ಬು ಕಡಿದರು. ಕಡಿಯುವ ಟೋಳಿಯವರಿಗೆ ಕೆಸರು ಮೆತ್ತಿದ ಚಪ್ಪಲಿಯೊಂದು ಸಿಕ್ಕಿತು. ಕಾಕಾ ಅದನ್ನು ಇಸಿದುಕೊಂಡು ಬಂದು ಚಹಾದಂಗಡಿಯ ಬಿಸ್ಕೀಟ್ ಬರಣಿಯ ಬಾಜೂಕ್ಕೆ ಇಟ್ಟ. “ಕಳ್ಳಂದು. ನನ್ನ ಹೊಡತಕ್ಕ ಬಿಟ್ಟ ಓಡಿದ” ಎಂದು ಬಂದವರಿಗೆಲ್ಲ ತೋರಿಸಿದ. ಕೆಸರಿನ ಒಳಗಿಂದ ಕೆಂಪು ಗೊಂಡೆಯ ಎರಡು ಎಳೆ ಇಣುಕುತ್ತಿದ್ದವು. ಎಲ್ಲರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಅವತ್ತಿನ ಚಹಾ ಕಾಕಾನದೇ ಇತ್ತು.

ಸಂಜೆ ಡೇರಿಗೆ ಹೋಗುವಾಗ ಕಾಕು ಅಂಗಡಿಯ ಮುಂದೆ ನಿಂತಳು. ಕ್ಯಾನು ಕೆಳಗಿಟ್ಟು ಕೈಚೀಲದಿಂದ ಇನ್ನೊಂದು ಚಪ್ಪಲಿ ತೆಗೆದಳು. ಅದನ್ನು ಮೊದಲಿನದರ ಬಾಜೂಕ್ಕೆ ಜೋಡಿಸಿ, ಎಡ ಬಲ ಸರಿ ಮಾಡಿ, ಕ್ಯಾನು ಎತ್ತಿಕೊಂಡು ಹೋದಳು.