‘ಓದಿದೆ, ಚೆನ್ನಾಗಿದೆ’: ಕನ್ನಡ ಕಿರುಸ್ಪಂದನದ ತಾತ್ವಿಕ ನೆಲೆಗಳು – ಒಂದು ಅನುಸಂಧಾನ

ಪ್ರಸ್ತಾವನೆ

ಓದು ಅನ್ನುವಂಥದ್ದು ಏನಿದೆ, ಅದು ಪಠ್ಯ ಅನ್ನುವಂಥದ್ದರ ಜೊತೆ ಓದುಗ ಅನ್ನುವಂಥವನು ನಡೆಸುವ ಮುಖಾಮುಖಿ ಅನ್ನುವಂಥದ್ದಾಗಿದೆ. ಆ ಮುಖಾಮುಖಿಯ ತುದಿಯಲ್ಲಿ ಅವನ ಬಾಯಿಂದ ಹೊರಬೀಳುವ ‘ಚೆನ್ನಾಗಿದೆ ಕಣೋ’, ‘ಪರವಾಗಿಲ್ಲ’, ‘ಅಯ್ಯೋ, ಅವಳನ್ನ ಯಾಕೆ ಸಾಯಿಸಿಬಿಟ್ರು?’ ಮೊದಲಾದ ಅಲ್ಪಾಯು ಉದ್ಗಾರಗಳನ್ನು ಪ್ರಸ್ತುತ ಪ್ರಬಂಧವು ‘ಕಿರುಸ್ಪಂದನ’ ಎಂಬ ಪಾರಿಭಾಷಿಕದ ಮೂಲಕ ಗುರುತಿಸಲು ಹವಣಿಸುತ್ತದೆ. ಹಿಂದಿನ ವಿದ್ವಾಂಸರು ಈ ಕ್ಷೇತ್ರಕ್ಕೆ ಕೈಹಾಕಿಲ್ಲ. ಅವರು ಓದುವುದರಲ್ಲೇ ಕಾಲ ಕಳೆದರು.

ಅಧ್ಯಯನದ ವ್ಯಾಪ್ತಿಯನ್ನು ಕಾದಂಬರಿ, ಸಣ್ಣಕತೆ, ಪತ್ತೇದಾರಿ, ಮಕ್ಕಳ ಚಿತ್ರಕಥೆ ಹಾಗೂ ಯಕ್ಷಗಾನ ಮುಗಿದ ಬೆಳಗಿನ ಹೊತ್ತು ಹೋಟೆಲುಗಳಲ್ಲಿ ಕೇಳಿಬರುವ ಮಾತುಗಳಿಗೆ ಸೀಮಿತಗೊಳಿಸಲಾಗಿದೆ. ‘ಭಾಗವತರು ಇವತ್ತು ಏರ್ಲೇ ಇಲ್ಲ ಮಾರಾಯ್ರೆ’ ಎಂಬ ಒಂದೇ ವಾಕ್ಯದಲ್ಲಿ ಇಡೀ ರಾತ್ರಿಯ ಸ್ವರ, ಲಯ, ವೇಷಧಾರಿಗಳ ಸುಸ್ತು ಮತ್ತು ಮೇಳದ ಯಜಮಾನರ ಜಿಪುಣತನ ಅಡಕವಾಗಿರುವುದು ಗಮನಾರ್ಹ. ಅಧ್ಯಯನದ ವಿಧಾನ: ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಮುಂದಿನವರ ಮಾತನ್ನು ಕದ್ದು ಕೇಳುವುದು. ಇದಕ್ಕೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಭತ್ಯೆ ಸಿಗುತ್ತದೆ.

ಪೂರ್ವಸೂರಿಗಳು

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ನೆನೆಯದೆ ಕನ್ನಡದಲ್ಲಿ ಯಾವ ಪ್ರಬಂಧವನ್ನೂ ಶುರು ಮಾಡಕೂಡದೆಂಬ ನಿಯಮ ಎಲ್ಲೂ ಲಿಖಿತವಾಗಿಲ್ಲ. ಆದರೆ ಅಡಿಕೆಯ ಕೊಳೆರೋಗದ ಕುರಿತ ಉಪನ್ಯಾಸದಲ್ಲೂ ಅದು ಪಾಲನೆಯಾಗಿರುವುದನ್ನು ಈ ಕಿವಿಗಳು ಕೇಳಿವೆ. ಆದ್ದರಿಂದ ನಾನೂ ನೆನೆಯುತ್ತೇನೆ. ಕನ್ನಡ ನಾಡಿನವರು ಶಾಸ್ತ್ರ ಹಿಡಿದು ಓದದೆಯೂ ಕಾವ್ಯ ಬಲ್ಲವರು ಎಂದು ಶ್ರೀವಿಜಯ ಹೊಗಳಿದ್ದಾನೆ. ನಮ್ಮ ಪುಸ್ತಕ ಬಿಡುಗಡೆಗಳ ಮುಖ್ಯ ಅತಿಥಿಗಳು ಈ ಹೊಗಳಿಕೆಯನ್ನು ಅಕ್ಷರಶಃ ತೆಗೆದುಕೊಂಡಿದ್ದಾರೆ.

ಎರಡನೆಯ ಪೂರ್ವಸೂರಿ ವಿಕ್ರಮಾದಿತ್ಯ. 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಚಂದಮಾಮವನ್ನು ನೋಡಿದವರಿಗೆ ಅವನು ಗೊತ್ತು: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ, ಮೂಲೆಯಲ್ಲಿ ‘ಶಂಕರ್’ ಎಂಬ ಪುಟ್ಟ ಸಹಿ. ಬೇತಾಳ ಕತೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಹಾಕುತ್ತದೆ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ ಎಂದು ಹೆದರಿಸುತ್ತದೆ. ರಾಜ ತನಗನ್ನಿಸಿದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತಾನೆ. ಬೇತಾಳ ತೃಪ್ತಿಯಿಂದ ಮರಕ್ಕೆ ಮರಳುತ್ತದೆ. ಇದಕ್ಕಿಂತ ಶುದ್ಧವಾದ ಕಿರುಸ್ಪಂದನ ನಮ್ಮ ಪರಂಪರೆಯಲ್ಲಿ ಸಿಗದು. ರಾಜನೇನಾದರೂ ‘ಪ್ರಸ್ತುತ ಕಥನವನ್ನು ವಸಾಹತೋತ್ತರ ಸಂಕಥನದ ನೆಲೆಯಲ್ಲಿ ಒಡೆದು ಕಟ್ಟಿಕೊಳ್ಳಬೇಕಾದ ಜರೂರು ನಮ್ಮೆದುರಿಗಿದೆ’ ಎಂದು ಬಾಯಿ ತೆರೆದಿದ್ದರೆ ಬೇತಾಳ ಆ ಹೆಣದೊಳಗೇ ಎರಡನೆಯ ಸಲ ಸಾಯುತ್ತಿತ್ತು.

ವರ್ಗೀಕರಣ

ಕಿರುಸ್ಪಂದನಗಳಲ್ಲಿ ಏಳು ವಿಧ. ಏಳೇ ಯಾಕೆ ಎಂದರೆ ಸಾರಲೇಖದಲ್ಲಿ ಏಳು ಎಂದು ಬರೆದು ಕಳಿಸಿಯಾಗಿದೆ. ಸಾರಲೇಖವನ್ನು ಪ್ರಬಂಧಕ್ಕಿಂತ ಮೂರು ತಿಂಗಳು ಮೊದಲೇ ಕಳಿಸಬೇಕು.

1. ಅಪಠಿತ ಸ್ಪಂದನ. ಓದದೆ ನೀಡುವ ಸ್ಪಂದನ. ಇದರ ಒಳಭೇದಗಳು: (ಅ) ಬೆನ್ನುಡಿಮಾತ್ರಪಠಿತ, (ಆ) ಕಾರಿನಲ್ಲಿ-ಬರುತ್ತಾ-ಪಠಿತ, (ಇ) ಕೇವಲ ಹಸ್ತಸ್ಪರ್ಶಿತ. ‘ಸಮಯದ ಅಭಾವದಿಂದ ಪೂರ್ತಿ ಓದಲಾಗಲಿಲ್ಲ, ಕಣ್ಣಾಡಿಸಿದ್ದೇನೆ’ ಎಂಬುದು ಇದರ ಬೀಜವಾಕ್ಯ. ಈ ಬೀಜದಿಂದ ಮುಕ್ಕಾಲು ಗಂಟೆಯ ಭಾಷಣವೃಕ್ಷ ಬೆಳೆಯುತ್ತದೆ, ಅದರ ನೆರಳಿನಲ್ಲಿ ಲೇಖಕ ಕೈಕಟ್ಟಿ ಕೂತಿರುತ್ತಾನೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ, ದೀಪಾ ಭಾಸ್ತಿ ಅವರ ಅನುವಾದಕ್ಕೆ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಈ ವರ್ಗ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಸಣ್ಣಕತೆಗಳ ಸಂಕಲನವೊಂದಕ್ಕೆ ಅದು ಸಂದದ್ದೂ ಅದೇ ಮೊದಲು. ‘ಹೆಮ್ಮೆ’, ‘ಕನ್ನಡದ ಕೀರ್ತಿ ದಿಗಂತಕ್ಕೆ’, ‘ಜಾಗತಿಕ ನೆಲೆಯಲ್ಲಿ ದೇಸಿ ಅಸ್ಮಿತೆ’ ಇತ್ಯಾದಿ ಸ್ಪಂದನಗಳು ಒಂದೇ ದಿನದಲ್ಲಿ ನಾಡನ್ನು ಆವರಿಸಿದವು. ಇವುಗಳ ನಡುವೆ, ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು: ‘ಆ ಸಲ್ಮಾ ಓಡಿ ಬಂದಳಲ್ಲ, ಸದ್ಯ! ಅಲ್ಲೀತನಕ ಉಸಿರು ಬಿಟ್ಟಿರಲಿಲ್ಲ ನಾನು.’ ಬಾನು ಅವರ ‘ಎದೆಯ ಹಣತೆ’ ಕತೆಯಲ್ಲಿ ಬೆಂಕಿ ಹಚ್ಚಿಕೊಳ್ಳಲು ಹೊರಟ ತಾಯಿಯನ್ನು ತಡೆಯುವ ಮಗಳು ಸಲ್ಮಾ. ಆ ಹೆಂಗಸು ಕತೆ ಓದಿದ್ದಳು. ಈ ಸ್ಪಂದನವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ನಿರ್ಧರಿಸಲಾಗದೆ ಸದ್ಯಕ್ಕೆ ಇಲ್ಲೇ ಇಟ್ಟಿದ್ದೇನೆ.

2. ಅಂಚಿನ ಸಂಕಥನ. ಅಂಚಿಗೆ ತಳ್ಳಲ್ಪಟ್ಟವರ ದನಿಯನ್ನು ಆಲಿಸಬೇಕೆಂದು ನಮ್ಮ ವಿಮರ್ಶೆ ನಾಲ್ಕು ದಶಕಗಳಿಂದ ಕರೆ ಕೊಡುತ್ತಿದೆ. ನಾನು ಪುಸ್ತಕದ ಪುಟಗಳ ಅಂಚಿಗೇ ಹೋಗಿ ಆಲಿಸಿದೆ. ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾದಂಬರಿಗಳಲ್ಲಿ ಪೆನ್ಸಿಲಿನಿಂದ ಗೀಚಿದ ‘ಸುಳ್ಳು’, ‘ಬೋರ್’, ‘ಇವನಿಗೆ ಹೀಗೇ ಆಗಬೇಕು’, ‘ಮುಂದಿನ ಹಾಳೆ ಯಾರು ಹರಿದದ್ದು? ಅವರ ಕೈ ಸೇದಿಹೋಗ’ ಮೊದಲಾದ ಶಾಸನಗಳು ದೊರೆತವು. ನಾಲ್ಕನೆಯ ತರಗತಿ ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪುಸ್ತಕಗಳಲ್ಲಂತೂ ಈ ಶಾಸನಗಳ ಸಾಂದ್ರತೆ ಅಧಿಕ. ಒಂದು ಪ್ರತಿಯ ಎಂಟನೆಯ ಪುಟದಲ್ಲೇ ಯಾರೋ ಪುಣ್ಯಾತ್ಮರು ಕೊಲೆಗಾರನ ಹೆಸರಿಗೆ ಸುತ್ತು ಹಾಕಿ ‘ಇವನೇ’ ಎಂದು ಬರೆದಿದ್ದರು. ಪಠ್ಯದ ಮೇಲೆ ಲೇಖಕನ ಯಜಮಾನಿಕೆಯನ್ನು ಇಷ್ಟು ಚುಟುಕಾಗಿ ನಿರಚನೆಗೊಳಿಸಿದ ಇನ್ನೊಂದು ಉದಾಹರಣೆ ಫ್ರಾನ್ಸಿನಲ್ಲೂ ಇಲ್ಲ.

ಅದೇ ಲೈಬ್ರರಿಗಳಲ್ಲಿ ಅತಿ ಹೆಚ್ಚು ಸವೆದಿದ್ದವು ತ್ರಿವೇಣಿಯವರ ಪುಸ್ತಕಗಳು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡವರು. ಅವರನ್ನು ಓದಿದ ಹೆಂಗಸರನ್ನೂ ಅವರ ಹಾಗೆ ಬರೆದ ಹೆಂಗಸರನ್ನೂ ನಮ್ಮ ದೊಡ್ಡವರು ‘ಅಡುಗೆಮನೆ ಸಾಹಿತ್ಯ’ ಎಂಬ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಮದುವೆಮನೆಯೊಂದರಲ್ಲಿ ತರಕಾರಿ ಹೆಚ್ಚುತ್ತಿದ್ದ ಅಜ್ಜಿಯೊಬ್ಬರು ‘ಶರಪಂಜರ’ದ ಬಗ್ಗೆ ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇನೆ: ‘ಕಾವೇರಿಗೆ ವಾಸಿಯಾಗಿತ್ತಮ್ಮಾ. ವಾಸಿಯಾಗದೇ ಇದ್ದದ್ದು ಮನೆಯವರಿಗೆ.’ ಎರಡು ವಾಕ್ಯ. ಬಾಣಂತನದ ಮನೋವ್ಯಾಧಿ, ಗಂಡನ ಮನೆ, ಸಂಶಯ, ಮರಳಿ ಕಾಯಿಲೆ, ಎಲ್ಲವೂ ಬಂದುಹೋಯಿತು. ಚಾಕು ನಿಲ್ಲಲಿಲ್ಲ.

3. ಶ್ವಾನಕೇಂದ್ರಿತ ಸ್ಪಂದನ. ತೇಜಸ್ವಿಯವರ ‘ಕರ್ವಾಲೊ’ (1980) ಓದಿದ ನೂರು ಜನರನ್ನು ಹಿಡಿದು ಕೇಳಿ. ವಿಕಾಸವಾದ, ಕಾಲದ ಪರಿಕಲ್ಪನೆ, ಪೂರ್ವ-ಪಶ್ಚಿಮಗಳ ತಾತ್ವಿಕ ಸಂಘರ್ಷ ಎಂದು ಹೇಳುವವರು ಪರೀಕ್ಷೆ ಬರೆದವರು. ಮಿಕ್ಕವರು ಕಿವಿಯ ಬಗ್ಗೆ ಹೇಳುತ್ತಾರೆ. ಕಿವಿ ನಿರೂಪಕರ ನಾಯಿ. ಆಮೇಲೆ ಮಂದಣ್ಣನ ಬಗ್ಗೆ. ಆಮೇಲೆ, ‘ಆ ಓತಿಕ್ಯಾತ ನಿಜವಾಗ್ಲೂ ಹಾರುತ್ತಾ?’ ಹಾರುತ್ತದೆ. ತೇಲುತ್ತದೆ ಎನ್ನುವುದು ಹೆಚ್ಚು ಸರಿ: ಪಕ್ಕೆಲುಬುಗಳ ಆಧಾರದ ಮೇಲೆ ಚರ್ಮವನ್ನು ರೆಕ್ಕೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ. ಪಶ್ಚಿಮಘಟ್ಟದಲ್ಲಿ ಇವತ್ತಿಗೂ ಇದೆ. ಈ ಕೊನೆಯ ಪ್ರಶ್ನೆ ಕೇಳಿದವನು ಪುಸ್ತಕ ಮುಚ್ಚಿಟ್ಟು ಮರದ ಕಡೆ ನೋಡುತ್ತಾನೆ. ತೇಜಸ್ವಿಯವರಿಗೆ ಇನ್ನೇನು ಬೇಕಿತ್ತು?

ಇದೇ ವರ್ಗದಲ್ಲಿ ಹುಲಿಯನೂ ಬರುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ಗುತ್ತಿಯ ನಾಯಿ. ಆದರೆ ಅಲ್ಲಿಗೆ ಹೋಗುವ ಮೊದಲು ನಾಲ್ಕನೆಯ ವರ್ಗ: ಉತ್ತರಸ್ಪಂದನೋತ್ತರ ಸ್ಪಂದನ. ಐದು: ಪಲ್ಲಟಿತ. ಆರು, ಏಳು... ಬೇಡ, ಇವು ಇಲ್ಲ. ಹೆಸರಿವೆ, ಒಳಗೆ ಏನೂ ಇಲ್ಲ. ನಾನು ಕೂತು ಎದ್ದ ಬಹುಪಾಲು ಗೋಷ್ಠಿಗಳ ವರ್ಗೀಕರಣಗಳಲ್ಲೂ ಮೂರರ ನಂತರ ಏನೂ ಇರಲಿಲ್ಲ. ಅವರು ಏಳರವರೆಗೂ ಓದಿದರು ಅಷ್ಟೆ.

ಹುಲಿಯ

ಒಂದು ಎಂ.ಎ. ತರಗತಿ. ಯಾವ ಊರು, ಯಾವ ವಿಭಾಗ ಎಂಬುದು ಬೇಡ. ‘ಮಲೆಗಳಲ್ಲಿ ಮದುಮಗಳು’ ಓದಿ ಏನನ್ನಿಸಿತು ಎಂದು ಮೇಷ್ಟ್ರು ಕೇಳಿದರು. ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಕೊನೇಲಿ ಹುಲಿಯ ಹೊಳೆಯಲ್ಲಿ ಕೊಚ್ಚಿಕೊಂಡು ಹೋದದ್ದು ಓದಿ ಊಟ ಸೇರಲಿಲ್ಲ’ ಎಂದಳು. ಮೇಷ್ಟ್ರು ನಕ್ಕರು. ‘ಅದು ಭಾವುಕತೆ. ಹುಲಿಯ ಯಾವುದರ ರೂಪಕ, ಅದನ್ನ ಹೇಳು.’

ಅದು ನಾಯಿ ಸ್ವಾಮಿ! ಗುತ್ತಿಯ ನಾಯಿ. ಐನೂರಕ್ಕೂ ಮಿಕ್ಕ ಪುಟ ಕಾಡು, ಮಳೆ, ಕೆಸರಿನಲ್ಲಿ ಅವನ ಹಿಂದೆ ಮುಂದೆ ಓಡಾಡಿ, ತುಂಗೆಯ ನೆರೆಯಲ್ಲಿ ಹೋದ ನಾಯಿ. ತಮ್ಮ ಕಾದಂಬರಿಯಲ್ಲಿ ದೊಡ್ಡವರು ಸಣ್ಣವರು ಎಂಬುದಿಲ್ಲವೆಂದು ಕುವೆಂಪು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ. ಆ ಬೋರ್ಡನ್ನು ಪರೀಕ್ಷೆಗೆ ಹತ್ತು ಅಂಕದ ಟಿಪ್ಪಣಿ ಮಾಡಿಸುವವರು, ಅದನ್ನು ನಿಜವೆಂದು ನಂಬಿ ನಾಯಿಗಾಗಿ ಉಪವಾಸ ಬಿದ್ದ ಹುಡುಗಿಯನ್ನು ಕೂರಿಸಿಬಿಟ್ಟರು. ಮುಂದಿನ ಸೆಮಿಸ್ಟರಿನಲ್ಲಿ ಅವಳು ಬಾಯಿ ಬಿಡಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ‘ನಿಸರ್ಗ ಮತ್ತು ಸಂಸ್ಕೃತಿಗಳ ದ್ವಂದ್ವಾತ್ಮಕ ಅನುಸಂಧಾನದ ನೆಲೆಯಲ್ಲಿ’ ಎಂದು ಬರೆದಳು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆಂದು ಬೇತಾಳ ಹೆದರಿಸುತ್ತಿತ್ತು. ನಮ್ಮಲ್ಲಿ ಗೊತ್ತಿದ್ದೂ ಸುಮ್ಮನಿದ್ದವರಿಗೆ ಮೊದಲ ದರ್ಜೆ.

ಆ ಮೇಷ್ಟ್ರನ್ನೊಬ್ಬರನ್ನೇ ಬಯ್ದು ಪ್ರಯೋಜನವಿಲ್ಲ. 2010ರ ಯುಜಿಸಿ ನಿಯಮಾವಳಿಯಿಂದ ಬಡ್ತಿಗೆ ಎಪಿಐ ಅಂಕಗಳ ಲೆಕ್ಕ ಶುರುವಾದ ಮೇಲೆ ಸಂಕಿರಣಕ್ಕಿಷ್ಟು, ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು ಎಂದಾಯಿತು. ಶುಲ್ಕ ಕಟ್ಟಿದರೆ ಐಎಸ್‌ಬಿಎನ್ ಇರುವ ಸಂಪುಟದಲ್ಲಿ ಪ್ರಬಂಧ ಬರುತ್ತದೆ, ಪ್ರಮಾಣಪತ್ರ ಬರುತ್ತದೆ, ಮಧ್ಯಾಹ್ನ ಹೋಳಿಗೆ ಬರುತ್ತದೆ. ಓದಿ ಅತ್ತದ್ದಕ್ಕೆ ಅಂಕವಿಲ್ಲ. ಹಾಗಾಗಿ ಯಾರೂ ಅಳುವುದಿಲ್ಲ, ಎಲ್ಲರೂ ‘ಚರ್ಚಿಸುತ್ತಾರೆ’.

ನಿಜವಾಗಿ ಸಂಶೋಧನೆ ಆಗಬೇಕಾದ ಕಡೆ ಯಾರೂ ಇಲ್ಲ. ಅಮರ ಚಿತ್ರ ಕಥೆಯ ಇಂಗ್ಲಿಷ್ ಸಾಲು ಒಂದರಿಂದಲ್ಲ, ಹನ್ನೊಂದರಿಂದ, ‘ಕೃಷ್ಣ’ದಿಂದ ಶುರುವಾಗುತ್ತದೆ. ಮೊದಲ ಹತ್ತು ಕನ್ನಡದಲ್ಲಿ ಬಂದಿದ್ದವು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅದರ ಹಿಂದಿದ್ದರು. ಇಡೀ ದೇಶದ ಮಕ್ಕಳು ಓದಿದ ಆ ಮಾಲೆಯ ಮೊದಲ ಹೆಜ್ಜೆ ನಮ್ಮ ಲಿಪಿಯಲ್ಲಿ ಬಿದ್ದಿತ್ತು. ಅವುಗಳನ್ನು ಓದಿದ ಮಕ್ಕಳಿಗೆ ಈಗ ಎಪ್ಪತ್ತರ ಹತ್ತಿರ. ಹೋಗಿ ಕೇಳಬಹುದು. ಚಹಾ ಕೊಟ್ಟು ಹೇಳುತ್ತಾರೆ. ಆದರೆ ಅವರು ‘ಚಿತ್ರ ಚೆನ್ನಾಗಿತ್ತು, ಬಣ್ಣ ಕೈಗೆ ಅಂಟುತ್ತಿತ್ತು’ ಎನ್ನುತ್ತಾರೆ, ಅದಕ್ಕೆ ನೆಲೆ ಇಲ್ಲ.

ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯಿದೆಯ ಪ್ರಕಾರ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕೂತಿರುವ ಹುಡುಗರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ಮನೆಯಿಂದಲೇ ತಂದಿರುತ್ತಾರೆ. ಅವರಿಗೆ ಬೇಕಾದದ್ದು ಫ್ಯಾನು ಮತ್ತು ಮೌನ. ತಪ್ಪಲ್ಲ, ಕೆಲಸ ಬೇಕಲ್ಲ. ಕಪಾಟಿನಿಂದ ಒಂದು ಕಾದಂಬರಿ ತೆಗೆದರೆ ಕೊನೆಗೆ ಅಂಟಿಸಿದ ಚೀಟಿಯಲ್ಲಿ ಒಂದೂ ಮೊಹರಿಲ್ಲ. ಅಂಚುಗಳಲ್ಲಿ ಒಂದೂ ಗೀಚಿಲ್ಲ. ‘ಬೋರ್’ ಎಂದು ಬರೆಯಲಿಕ್ಕೂ ಯಾರೂ ಬಂದಿಲ್ಲ. ಅಷ್ಟು ಚೊಕ್ಕ ಪುಸ್ತಕ ನೋಡಿ ನನಗೆ ಹೆದರಿಕೆಯಾಯಿತು.

ಅನುಬಂಧ: ಪ್ರಬಂಧಕಾರನ ಇತ್ತೀಚಿನ ಓದು

(ಮೌಲ್ಯಮಾಪಕರು ಈ ಭಾಗವನ್ನು ಪರಿಗಣಿಸಬೇಕಾಗಿಲ್ಲ.)

ತೇಜಸ್ವಿಯವರ ‘ಜುಗಾರಿ ಕ್ರಾಸ್’: ಮೊದಲೇ ಓದಿದ್ದೆ, ಏನಾಗುತ್ತದೆಂದು ಗೊತ್ತಿತ್ತು. ಆದರೂ ಸುರೇಶ, ಗೌರಿ ರೈಲಿನಲ್ಲಿದ್ದಷ್ಟು ಹೊತ್ತು ಎದ್ದು ನೀರು ಕುಡಿಯಲಿಲ್ಲ. ಏಲಕ್ಕಿ ವ್ಯಾಪಾರದ ಬಗ್ಗೆ ಇಷ್ಟು ಹೆದರಿಕೆ ಹುಟ್ಟಿಸಿದವರು ಇನ್ನೊಬ್ಬರಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’: ಕೊನೆಯ ಪುಟ ಮುಗಿದ ಮೇಲೆ ಇನ್ನೊಂದು ಹಾಳೆ ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಬಿಡಿಸಿ ನೋಡಿದೆ. ಇರಲಿಲ್ಲ. ಅಡುಗೆಮನೆಯಲ್ಲಿ ಇರುವೆ ಕಂಡರೆ ಈಗ ಮೊದಲಿನ ಹಾಗೆ ಒರೆಸಲಾಗುವುದಿಲ್ಲ.

‘ಕೊರವಂಜಿ’ಯ ಹಳೆಯ ಸಂಚಿಕೆಗಳು: 1942ರಲ್ಲಿ ರಾಶಿಯವರು ಶುರು ಮಾಡಿದ್ದು. ಡಾಕ್ಟರಾಗಿ ರೋಗಿ ನೋಡುತ್ತಲೇ ಇಷ್ಟು ನಗಿಸಿದರು. ಕೆಲವು ಜೋಕು ಹಳಸಿವೆ. ಹೆಚ್ಚಿನವು ಇಲ್ಲ. ಕಚೇರಿ ಗುಮಾಸ್ತರ ಮೇಲಿನವು ನಿನ್ನೆ ಬರೆದ ಹಾಗಿವೆ.

‘ಬಾಲಮಂಗಳ’, ಡಿಂಗನ ಕತೆ: ಇಲಿಯೊಂದು ಹಾರಿ ಬಂದು ಕಾಡಿನವರನ್ನು ಕಾಪಾಡುತ್ತದೆ, ಪ್ರತಿ ಸಲವೂ ಅದೇ. ನನಗೆ ಈಗಲೂ ಸಾಕಾಗಿಲ್ಲ. ಮುಖಪುಟ ಕಿತ್ತುಹೋದ ಸಂಚಿಕೆಯೊಂದನ್ನು ಅಕ್ಕನ ಮಗನಿಗೆ ಕೊಟ್ಟೆ. ಅಲ್ಲೇ ನಿಂತು ಓದಿ ಮುಗಿಸಿ, ‘ಮಾಮಾ, ಇನ್ನೊಂದಿದ್ಯಾ?’ ಎಂದ. ಉಳಿದವು ಎಂದೋ ರದ್ದಿಗೆ ಹೋಗಿವೆ. ಯಾರ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಹರಿದಿದ್ದರೂ ಅಡ್ಡಿಯಿಲ್ಲ, ಅಂಚಿನಲ್ಲಿ ಗೀಚಿದ್ದರೆ ಎರಡು ರೂಪಾಯಿ ಜಾಸ್ತಿಯೇ ಕೊಡುತ್ತೇನೆ.