ಮನೆ ಎಳೆದುಕೊಂಡು ಹೊರಟವರು

ಆಸ್ಟ್ರೇಲಿಯಾದಲ್ಲಿ ನಿವೃತ್ತರಾದ ಎಷ್ಟೋ ಮಂದಿ ಮೊಮ್ಮಕ್ಕಳನ್ನು ಆಡಿಸುತ್ತ ಕೂರುವುದಿಲ್ಲ. ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಸಿಕ್ಕಿಸಿ ಊರು ಬಿಡುತ್ತಾರೆ. 'ಗ್ರೇ ನೋಮ್ಯಾಡ್ಸ್', ಅಂದರೆ ನರೆಗೂದಲಿನ ಅಲೆಮಾರಿಗಳು, ಅಂತ ಇವರಿಗೆ ಹೆಸರು. ಅವಸರ ಎಂಬುದು ಇವರ ಜಾತಕದಲ್ಲೇ ಇಲ್ಲ. ನಲ್ಲಾರ್ಬರ್ ಎಂಬ ಬಯಲಿನ ಕಡೆ 146.6 ಕಿಲೋಮೀಟರ್ ಉದ್ದಕ್ಕೂ ಒಂದು ತಿರುವೂ ಇಲ್ಲದ ರಸ್ತೆಯಿದೆ. ಸ್ಟೀರಿಂಗ್‌ಗೆ ಕೆಲಸವಿಲ್ಲ, ಗಂಡ-ಹೆಂಡತಿ ಜಗಳಕ್ಕೆ ಬೇಕಾದಷ್ಟು ಪುರುಸೊತ್ತು! ಎದುರು ಗಾಡಿ ಬಂದರೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ನಮಸ್ಕಾರ.

ರಾತ್ರಿ ಬಿಟ್ಟಿ ಬಿಡಾರ. ರಸ್ತೆ ಬದಿಯ ತಂಗುದಾಣದಲ್ಲಿ ಬಾಡಿಗೆಯಿಲ್ಲ, ನಲ್ಲಿಯೂ ಇಲ್ಲ. ಕ್ಯಾರವಾನಿಗೆ ಸಾವಿರಾರು ಡಾಲರ್ ಸುರಿದವರು ಒಂದು ರಾತ್ರಿಯ ಬಾಡಿಗೆ ಉಳಿಯಿತೆಂದು ಬೀಗುವುದನ್ನು ನೋಡಬೇಕು. ಇನ್ನು ಒಳನಾಡಿನ ಸೆಕೆ ಹೇಗಿರುತ್ತದೆಂದರೆ, ಕೂಬರ್ ಪೀಡಿ ಎಂಬ ಊರಿನಲ್ಲಿ ಜನ ನೆಲದಡಿ ಮನೆ ಕೊರೆದುಕೊಂಡಿದ್ದಾರೆ. ನೊಣಗಳಿಗೆ ಮಾತ್ರ ಸೆಕೆಯ ಪರಿವೆಯಿಲ್ಲ; ಮಾತಾಡಲು ಬಾಯಿ ತೆರೆದರೆ ಮೊದಲು ಒಳಹೋಗುವುದು ಅವೇ. ಮುಖಕ್ಕೆ ಬಲೆ ಇಳಿಬಿಟ್ಟು, ಅದನ್ನೇ ತುಸು ಎತ್ತಿ ಚಹಾ ಹೀರುವುದು ಒಂದು ಕಲೆ.

ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ತಪಾಸಣೆಯುಂಟು: ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ. ಎಸೆಯಲು ಮನಸ್ಸು ಬರಬೇಕಲ್ಲ? ಹಾಗಾಗಿ ಗಡಿಗೆ ಮೊದಲಿನ ಬಿಡಾರದಲ್ಲಿ ಊಟಕ್ಕೆ ಸೇಬು, ನಂಚಿಕೊಳ್ಳಲು ಕ್ಯಾರೆಟ್, ಮೇಲೆ ಜೇನು. ಸಕ್ಕರೆ ಕಾಯಿಲೆಯ ಯಜಮಾನರಿಗೂ ಅಂದು ಪಥ್ಯದಿಂದ ಬಿಡುಗಡೆ.