ಚುಕ್ಕಿ ಇಟ್ಟ ಮಾತು

“ಕಾಕಾ, ನಾವು ಹಾಲು ಅಂತೀವಿ, ಸಿಂಧನೂರು ಕಡಿ ಕ್ಯಾಂಪಿನವ್ರು ಪಾಲು ಅಂತಾರ. ನಮಗ ಹಂದಿ, ಅವ್ರಿಗೆ ಪಂದಿ. ನಮಗ ಹೂವು, ಅವ್ರಿಗೆ ಪುವ್ವು. ಯಾಕಿದ್ದೀತು?”

“ಅವ್ರು ತೆಲುಗು, ನಾವು ಕನ್ನಡ. ಅದ್ರಾಗೇನೈತಿ?” ಅಂದರು ಬೇಲಿಯಾಚೆಯ ಕಾಕಾ.

ಅದರಾಗೇ ಎಲ್ಲ ಐತಿ! ಒಂದು ಪದ ಹೊಂದಿದರೆ ಅಕಸ್ಮಾತ್ ಅನ್ನಬಹುದು. ಪದದ ಮೇಲೆ ಪದ ಹೀಗೆ ಸಾಲಾಗಿ ನಿಂತರೆ ಒಂದೇ ತಾಯಿಯ ಮಕ್ಕಳು ಅನ್ನಲೇಬೇಕು. ತಾಯಿ ಆಡಿದ್ದು ‘ಪ’ನೋ ‘ಹ’ನೋ? ತಮಿಳು ‘ಪ’, ತೆಲುಗು ‘ಪ’, ಹಳಗನ್ನಡದ ಶಾಸನಗಳೂ ‘ಪ’. ‘ಹ’ ನಮ್ಮ ಆಮೇಲಿನ ರೂಢಿ.

ಅರಬ್ಬಿ, ಹೀಬ್ರೂಗಳ ಸೆಮಿಟಿಕ್ ಮನೆತನದಲ್ಲೂ ಇದೇ ಕಥೆ. ಬಾಯಿಗೆ ಬ್ಯಾಬಿಲೋನಿನವರ ಅಕ್ಕಾಡಿಯನ್‌ನಲ್ಲಿ ‘ಪೂ’, ಹೀಬ್ರೂವಿನಲ್ಲಿ ‘ಪೆ’, ಅರಬ್ಬಿಯಲ್ಲಿ ‘ಫಮ್’. ಅರಬ್ಬಿಯಲ್ಲಿ ‘ಪ’ ಉಳಿಯಲೇ ಇಲ್ಲ.

“ನೀವು ದಿನಾ ಅಂತೀರಲ್ಲ ‘ಏನು ಫರಕ್’ ಅಂತ, ಅದೂ ಅರಬ್ಬಿದ ರೀ. ಹೀಬ್ರೂದಾಗ ಅದರ ಧಾತು ಪ-ರ-ಕ, ಹರಿಯೋದು, ಬೇರೆ ಮಾಡೋದು. ಅದಕ್ಕ ಪಂಡಿತರು ತಾಯಿನುಡಿಯಾಗ ‘ಪ’ ಇತ್ತು ಅಂತಾರ.”

“ಬರೆದದ್ದು ಸಿಕ್ಕೈತೇನು?”

“ಇಲ್ರೀ. ಅದಕ್ಕ ಅಂಥ ಪದದ ಮುಂದ ಒಂದು ಚುಕ್ಕಿ ಹಾಕ್ತಾರ. ಕಣ್ಣಿಂದ ಕಂಡದ್ದಲ್ಲ, ಲೆಕ್ಕ ಹಾಕಿ ತೆಗೆದದ್ದು ಅಂತ ಅರ್ಥ.”

“ಬರೇ ಲೆಕ್ಕಾನ ಯಾರು ನಂಬ್ತಾರ?”

ಮಸ್ಕಿಯಲ್ಲಿ ಕೂತು ಕೇಳುವ ಪ್ರಶ್ನೆಯೇ ಇದು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಶಾಸನಗಳ ತುಂಬ ಯಾರೋ ‘ದೇವಾನಂಪಿಯ ಪಿಯದಸಿ’. ಸಿಂಹಳದ ಗ್ರಂಥ ತಾಳೆ ಹಾಕಿದ ಜಾರ್ಜ್ ಟರ್ನರ್ ‘ಇವನೇ ಅಶೋಕ’ ಅಂದ. ಆಗ ಗೊತ್ತಿದ್ದ ದೇವಾನಂಪಿಯನ ಯಾವ ಶಾಸನದಲ್ಲೂ ಆ ಹೆಸರಿರಲಿಲ್ಲ. 1915ರಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ನಮ್ಮೂರಿನ ಬಂಡೆ ಕಂಡ. ದೇವಾನಂಪಿಯನ ಪಕ್ಕದಲ್ಲೇ ‘ಅಸೋಕ’ ಅಂತ ಕೊರೆದಿತ್ತು. ಲೆಕ್ಕ ಸರಿಬಂತು.

“ಅಂದ್ರ ಅಶೋಕ ರಾಜನೂ 78 ವರ್ಷ ಚುಕ್ಕಿ ಹೊತ್ಕೊಂಡ ಇದ್ದ ಅನ್ನು” ಎಂದು ಕಾಕಾ ನಕ್ಕರು. “ಆ ಅರಬ್ಬಿ ತಾಯಿಗೂ ಒಂದು ಬಂಡಿ ಸಿಕ್ಕೀತೇನು?”

“ಆಕಿ ಬರವಣಿಗಿ ಹುಟ್ಟೋಕಿಂತ ಮುಂಚಿನಾಕಿ. ಸಿಗೂದು ಕಷ್ಟ ಐತ್ರಿ.”

“ಸಿಗದಿದ್ರ ಬಿಡು. ಚುಕ್ಕಿ ಇಟ್ಟು ಹೇಳ್ತಾರಲ್ಲ, ಅದ ದೊಡ್ಡದು. ನಮ್ಮ ಓಣ್ಯಾಗ ಒಬ್ಬರ ಸುದ್ದಿ ಒಬ್ಬರು ಹೇಳುವಾಗ ಹಂಗ ಒಂದೊಂದು ಚುಕ್ಕಿ ಇಟ್ಟಿದ್ರ, ಎಷ್ಟೋ ಪಂಚಾಯ್ತಿ ತಪ್ಪತಿದ್ವು!”